ಸಹಾಯ ಬೇಕು: ಹಳೇ ಬಂಡಿದಾರಿಯನ್ನು ಸೈಕಲ್ ದಾರಿ ಮಾಡಿಸಬೇಕು

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮದು ಸೇಡಂ ತಾಲೂಕಿನ ಸಣ್ಣ ಊರು. ಹೈಸ್ಕೂಲು ಪಕ್ಕದೂರಲ್ಲಿ, 3 ಕಿಲೋಮೀಟರ್ ದೂರ. ಮಕ್ಕಳು ಸಿಮೆಂಟ್ ಲಾರಿಗಳು ಓಡಾಡುವ ಡಾಂಬರು ರಸ್ತೆಯಲ್ಲೇ ಹೋಗಬೇಕು. ಕಳೆದ ತಿಂಗಳು ಲಾರಿಗೆ ದಾರಿ ಬಿಡಲು ಹೋಗಿ ನನ್ನ ತಂಗಿಯ ಮಗಳು ಸೈಕಲ್ ಸಮೇತ ತಗ್ಗಿಗೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಆದರೆ ಅಂದಿನಿಂದ ಸೈಕಲ್ ಮುಟ್ಟಿಲ್ಲ.

ತೊಗರಿ ಹೊಲಗಳ ನಡುವೆ ಹಳೇ ಬಂಡಿದಾರಿ ಇದೆ. ನಮ್ಮಜ್ಜ ಸಂತೆಗೆ ಹೋಗುತ್ತಿದ್ದದ್ದು ಅದರಲ್ಲೇ. ಈಗ ಅರ್ಧ ಜಾಲಿ ಮುಚ್ಚಿದೆ, ಕೆಲವು ಕಡೆ ಹೊಲದಲ್ಲೇ ಸೇರಿಹೋಗಿದೆ. ಎರೆಮಣ್ಣು ಬೇರೆ. ಒಂದು ಮಳೆ ಬಿದ್ದರೆ ಸಾಕು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಸೈಕಲ್ಲನ್ನೇ ನಾವು ಹೊರಬೇಕು! ಹಾಗಾಗಿ ಸುಮ್ನೆ ಜಾಲಿ ಕಡಿದರೆ ಸಾಲದು. ಮುರುಮ್ (ಜಲ್ಲಿಯಂಥ ಗಟ್ಟಿ ಮಣ್ಣು) ಹಾಕಿಸಬೇಕು, ಹಳ್ಳಕ್ಕೆ ಪೈಪ್ ಕೂಡಿಸಬೇಕು.

ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಗುರುತು ಮಾಡಿರುತ್ತಾರೆ. ನಕಾಶೆ ತೆಗೆಸಿ ತಹಶೀಲ್ದಾರರಿಗೆ ಅರ್ಜಿ ಕೊಡಬೇಕೆಂದಿದ್ದೇವೆ. ಇಂಥ ಅರ್ಜಿ ಬರೆದವರು ಯಾರಾದರೂ ಇದ್ದೀರಾ? ಒಂದು ನಮೂನೆ ಹಾಕಿದರೆ ದೊಡ್ಡ ಉಪಕಾರ. ನರೇಗಾದಲ್ಲಿ ಹೊಲದ ದಾರಿ ಮಾಡಿಸಿದವರು, ಅಥವಾ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೆ ಓಡಾಡಿದವರು ಇದ್ದರೆ, ಮೊದಲು ಯಾರನ್ನು ಕಾಣಬೇಕು ಹೇಳಿ. ಡಾಂಬರು ರಸ್ತೆ ಅಗಲ ಮಾಡುವ ಯೋಜನೆ ಇದೆಯಾ ಎಂದು ಮಾಹಿತಿ ಹಕ್ಕಿನಲ್ಲಿ ಕೇಳುತ್ತೇವೆ. 10 ರೂಪಾಯಿ ಕಟ್ಟಿದರೆ 30 ದಿನದೊಳಗೆ ಉತ್ತರ ಕೊಡಬೇಕು ಅಲ್ವಾ?

ದಾರಿ ಉತ್ತ ರೈತರೆಲ್ಲ ನಮ್ಮವರೇ, ಜಗಳ ಬೇಡ. ಅವರನ್ನು ಒಪ್ಪಿಸಿದ ಅನುಭವ ಇದ್ದವರು ದಯವಿಟ್ಟು ಬರೆಯಿರಿ. ನನಗೆ ಅದರದ್ದೇ ಜಾಸ್ತಿ ಚಿಂತೆ.