ಅಪ್‌ಡೇಟ್: ಟೈರ್ ಪಾಲಿಶ್ ಈಗ ಸಿಡಿಯುತ್ತಿಲ್ಲ

ಹೋದ ತಿಂಗಳು ಇಲ್ಲಿ ಕೇಳಿದ್ದೆನಲ್ಲ, ಪಿಕಪ್‌ನ ಬಟನ್ ಟೈರ್‌ಗೆ (ಅಂಚಿನವರೆಗೂ ದಪ್ಪ ರಬ್ಬರ್ ಉಬ್ಬುಗಳಿರುವ ಟೈರ್) ಪಾಲಿಶ್ ಹಚ್ಚಿದರೆ, ಪುಣೆ ಹತ್ತಿರದ ಭೋಸರಿಯಿಂದ ಚಾಕಣ ತಲುಪುವಷ್ಟರಲ್ಲಿ ಬಿಳಿ ಬಾಗಿಲ ಮೇಲೆಲ್ಲ ಕಪ್ಪು ಚುಕ್ಕೆ ಸಿಡಿದಿರುತ್ತವೆ ಅಂತ. ಈಗ ನಿಂತಿದೆ.

ತಪ್ಪು ನನ್ನದೇ. ಹಳೇ ಪಾಲಿಶ್ ಮೇಲೇ ಹೊಸದನ್ನು ಸುರಿಯುತ್ತಿದ್ದೆ. ಈ ಸಲ ಸೋಪುನೀರು ಹಾಕಿ ಗಟ್ಟಿ ಬ್ರಷ್‌ನಿಂದ ಉಜ್ಜಿದೆ. ಮೊದಲು ಬಂದ ನೊರೆ ಕಾಫಿ ಡಿಕಾಕ್ಷನ್ ಬಣ್ಣ! ಮೂರನೇ ಸಲಕ್ಕೆ ಬೆಳ್ಳಗಾಯಿತು. ಪೂರ್ತಿ ಒಣಗಿದ ಮೇಲೆ, ನೀವು ಹೇಳಿದಂತೆ ಎಣ್ಣೆಯಂಥದ್ದು ಬಿಟ್ಟು ಹಾಲಿನಂತಿರುವ ನೀರಿನ ಪಾಲಿಶ್ ತಂದು ಪೇಂಟ್ ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿದೆ. ಸ್ಪಂಜು ಆ ಉಬ್ಬುಗಳ ಸಂದಿಗಳಿಗೆ ಇಳಿಯಲ್ಲ. ಅರ್ಧ ಗಂಟೆ ಬಿಟ್ಟು ಒರೆಸಿದರೆ, ಸಂದಿಯಲ್ಲಿ ನಿಂತಿದ್ದದ್ದೇ ಬಟ್ಟೆಗೆ ಜಾಸ್ತಿ ಬಂತು. ಸಿಡಿಯುತ್ತಿದ್ದುದು ಅದೇ. ನೆಲಕ್ಕೆ ತಾಗುವ ಭಾಗ ಮುಟ್ಟಲಿಲ್ಲ, ಜಾರುತ್ತೆ ಅಲ್ವಾ.

ಮಿಂಚು ಸ್ವಲ್ಪ ಕಮ್ಮಿ. ಆದರೂ ಮನೆಯವಳು "ಹೊಸ ಟೈರಾ?" ಅಂದಳು.