ಅಪ್‌ಡೇಟ್: ಟೂರಿಂಗ್‌ಗೊಂದು, ವಾರಾಂತ್ಯಕ್ಕೊಂದು ಬೈಕ್ ಬೇಕಾ?

ಎನ್‌ಎಚ್ 48ರ ದೂರದ ಓಟಕ್ಕೆ 350 ಸಿಸಿ ಬೈಕ್ ಇದೆ, ಭಾನುವಾರ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ, ಸೂಳೆಕೆರೆ ಕಡೆ ಸುತ್ತಾಟಕ್ಕೆ ಹಗುರವಾದ ಇನ್ನೊಂದು ಕೊಳ್ಳಲೋ ಅಂತ ಕೇಳಿದ್ದೆ. ಕೊಳ್ಳಲಿಲ್ಲ.

ಕೆಲಸಕ್ಕೆ ಬಂದದ್ದು "ಮೊದಲು ಬೈಕಿನ ಭಾರ ಇಳಿಸಿ ನೋಡಿ" ಅನ್ನೋ ಸಲಹೆ. ಪಕ್ಕದ ಪೆಟ್ಟಿಗೆಗಳನ್ನು (ಪ್ಯಾನಿಯರ್) ಥಟ್ಟನೆ ಬಿಚ್ಚಬಹುದಾದ ಕ್ವಿಕ್ ರಿಲೀಸ್ ಸ್ಟ್ಯಾಂಡ್ ಹಾಕಿಸಿದೆ. ಪೆಟ್ಟಿಗೆ, ಟಾಪ್ ಬಾಕ್ಸ್ ಎಲ್ಲ ಬಿಚ್ಚಿದರೆ ಹಿಂಭಾರ ಹೋಗಿ ಬೈಕೇ ಬೇರೆ ಅನಿಸುತ್ತೆ. ಚಿತ್ರದುರ್ಗದ ಅಡ್ಡಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರೋದು ಸುಮ್ಮನೆ ಅಲ್ಲ. ಖಾಲಿ ಪೆಟ್ಟಿಗೆಯೂ ಹಾಯಿಯಂತೆ ಗಾಳಿ ಹಿಡಿಯುತ್ತೆ. ಬಿಚ್ಚಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಇಳಿಸಬೇಕು, ಟೈರ್ ಗಾಳಿಯನ್ನೂ ಒಂಟಿ ಸವಾರಿಯ ಮಟ್ಟಕ್ಕೆ ತರಬೇಕು. ಇಲ್ಲದಿದ್ದರೆ ಹಳ್ಳಿ ರಸ್ತೆಯಲ್ಲಿ ಹಿಂಭಾಗ ಪುಟಿಯುತ್ತೆ.

ಸರಿಹೋಗದ್ದು ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯೋ ಹಲ್ಲುಚಕ್ರ) 15 ಹಲ್ಲಿಂದ 16ಕ್ಕೆ ಏರಿಸಿದ್ದು. ಅದೇ ವೇಗಕ್ಕೆ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗೋ ಸುತ್ತು) ಸುಮಾರು ಶೇ. 6 ಇಳಿಯುತ್ತೆ, ಹೈವೇಗೆ ಹಿತ. ಆದರೆ ಜೋಗಿಮಟ್ಟಿ ಏರಿನಲ್ಲಿ ಎಳೆತ ಸಾಲದೆ ಪದೇ ಪದೇ ಗೇರ್ ಇಳಿಸಬೇಕು. ಮತ್ತೆ 15ಕ್ಕೇ ಬಂದೆ. ಟ್ರಿಪ್‌ಗೊಂದು ಜೊತೆ ಟೈರ್ ಬದಲಿಸೋ ಸಲಹೆ ನನ್ನ ಮಟ್ಟಿಗೆ ದುಬಾರಿ ಹರಟೆ.

ಖರ್ಚಿನ ಲೆಕ್ಕದಲ್ಲಿ ಗೊತ್ತಾದದ್ದು: ಎರಡು ಬೈಕ್ ಇದ್ದರೂ ಮಾಲೀಕನ 15 ಲಕ್ಷದ ಅಪಘಾತ ವಿಮೆ ಒಂದೇ ಸಾಕು, ಪ್ರತಿ ಪಾಲಿಸಿಗೂ ಕಟ್ಟಬೇಕಿಲ್ಲ. ಆದರೆ ಥರ್ಡ್ ಪಾರ್ಟಿ ವಿಮೆ (ಬೇರೆಯವರಿಗೆ ಆಗೋ ಹಾನಿಗೆ) ಎರಡಕ್ಕೂ ಕಡ್ಡಾಯ. ಈಗಾಗಲೇ ಎರಡು ಇಟ್ಟವರು ನಿಂತ ಬೈಕಿನ ಬ್ಯಾಟರಿ 12.4 ವೋಲ್ಟ್‌ಗಿಂತ ಕೆಳಗಿಳಿಯೋ ಮುಂಚೆ ಚಾರ್ಜ್ ಹಾಕಿ.