ಸಹಾಯ ಬೇಕು: ಖಣದ ತುಂಡುಗಳಿಂದ ಅಪ್ಲಿಕ್ ಮಾಡೋದು ಹೇಗೆ?

ನಮಸ್ಕಾರ ಅಕ್ಕಂದಿರೆ, ನಾನು ಬಾಗಲಕೋಟೆ ನವನಗರದವಳು. ನನಗೆ ಕಸೂತಿ ಬರುತ್ತದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ನಾಲ್ಕೂ ಹೊಲಿಗೆ ಅವ್ವನಿಂದ ಕಲಿತದ್ದು. ಈಗ ಪಕ್ಕದ ಓಣಿಯ ಗೆಳತಿ ಅಪ್ಲಿಕ್ (ಬಟ್ಟೆ ತುಂಡನ್ನು ಆಕಾರಕ್ಕೆ ಕತ್ತರಿಸಿ ಇನ್ನೊಂದು ಬಟ್ಟೆ ಮೇಲಿಟ್ಟು ಹೊಲಿಯೋದು) ಹೇಳಿಕೊಡುತ್ತಿದ್ದಾಳೆ, ಅವಳಿಗೆ ನಾನು ಕಸೂತಿ. ಮಧ್ಯಾಹ್ನ ಕೆಲಸ ಮುಗಿಸಿ ಇಬ್ಬರೂ ಕಟ್ಟೆ ಮೇಲೆ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಕುಪ್ಪಸ ಹೊಲಿಸಿ ಉಳಿದ ಗುಳೇದಗುಡ್ಡ ಖಣದ ತುಂಡುಗಳು ಮನೆಯಲ್ಲಿ ಜಾಸ್ತಿ ಇವೆ. ಅವನ್ನು ಎಲೆ, ಹೂವಿನ ಆಕಾರಕ್ಕೆ ಕತ್ತರಿಸಿ ಹತ್ತಿಯ ದಿಂಬಿನ ಕವರಿಗೆ ಹಚ್ಚಬೇಕು ಅಂತ ಆಸೆ. ತೊಂದರೆ ಇರೋದು ಅಂಚಿನಲ್ಲಿ. ಹತ್ತಿ ಬಟ್ಟೆಯಾದರೆ ಕಾಲು ಇಂಚು ಒಳಗೆ ಮಡಚಿ ಉಗುರಿನಿಂದ ತೀಡಿದರೆ ಮಡಿಕೆ ನಿಲ್ಲುತ್ತದೆ. ಖಣದ ಎಳೆ ನುಣುಪು, ಕತ್ತರಿ ಹಾಕಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ತಿರುವು ಇರುವ ಕಡೆ ಮಡಿಕೆ ಕೂಡಲಿ ಅಂತ ಸಣ್ಣ ಕಚ್ಚು ಕೊಟ್ಟರಂತೂ ಅಲ್ಲಿಂದಲೇ ಸೀಳುತ್ತದೆ. ಗೆಳತಿಯೂ ಈವರೆಗೆ ಹತ್ತಿಯ ಮೇಲಷ್ಟೇ ಮಾಡಿದವಳು.

ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು, ಹೊಲಿದು, ತಿರುವಿ ಹಾಕಬೇಕಾ? ಅಥವಾ ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸ್ ಸಾಕಾ? ಕ್ಯಾನ್ವಾಸ್ ಹಾಕಿದರೆ ಖಣದ ಮೆದುತನ ಹೋಗುತ್ತದೆ ಅನ್ನಿಸುತ್ತದೆ, ಅದು ನನಗೆ ಇಷ್ಟವಿಲ್ಲ. ಅಂಚಿನ ಬ್ಲ್ಯಾಂಕೆಟ್ ಹೊಲಿಗೆಗೆ ಎಷ್ಟು ಎಳೆ ದಾರ ತಗೊಳ್ಳಬೇಕು?

ಕೌದಿ ಹೊಲಿಯುವ ಹಿರಿಯರು ಇಲ್ಲಿದ್ದರೆ ದಯವಿಟ್ಟು ಹೇಳಿ. ತುಂಡು ಬಟ್ಟೆ ಕೂಡಿಸೋದರಲ್ಲಿ ನಿಮಗಿರುವ ಅನುಭವ ಬೇರೆ ಯಾರಿಗೂ ಇಲ್ಲ. ಫೋಟೋ ಹಾಕಿದರೆ ಇನ್ನೂ ಒಳ್ಳೆಯದು. ಇಳಕಲ್, ಬಾದಾಮಿ, ಗುಳೇದಗುಡ್ಡ ಕಡೆಯವರಾದರೆ ನಾವಿಬ್ಬರೂ ನಿಮ್ಮ ಮನೆಗೇ ಬರುತ್ತೇವೆ.